ರೊಕ್ಕ ಮುಟ್ಟಿತಪ್ಪಾ

ನಮ್ಮ ಕಡೆಯ ಸಭೆಗಳಲ್ಲಿ ಎಲ್ಲರೂ ಎಲ್ಲರಿಗೂ ಬ್ರದರ್, ಸಿಸ್ಟರ್. ಚಿತ್ತಾಪುರ, ವಾಡಿ, ಸೇಡಂ ಎಲ್ಲೇ ಹೋಗಿ, ಬಾಗಿಲಲ್ಲೇ ಒಬ್ಬರು ಕೈ ಹಿಡಿದು 'ವಂದನೆ ಬ್ರದರ್' ಅಂತಾರೆ. ಹೆಸರು ನೆನಪಿಲ್ಲದಾಗ ಅದು ಬಹಳ ಅನುಕೂಲ. ನಾನೂ ಹಾಗೇ ಬಳಸಿದ್ದೀನಿ.

ಎರಡು ವರ್ಷದ ಹಿಂದೆ ನಮ್ಮೂರ ಸಭೆಯ ಕಾಕಾ ಒಬ್ಬರು ಕಲಬುರಗಿಯ ಆಸ್ಪತ್ರೆ ಸೇರಿದ್ದರು. ನಾನು ಬೆಂಗಳೂರಿನಿಂದ ಐದು ಸಾವಿರ ಫೋನ್‌ಪೇ ಮಾಡಿ, ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಒತ್ತಿ, ಮೀಟಿಂಗ್‌ಗೆ ಹೋದೆ. ಆಮೇಲೆ ಊರಲ್ಲಿ ಸಿಕ್ಕಾಗ ಅವರು ಅಂದದ್ದು ಇಷ್ಟೇ: "ನಿನ್ ರೊಕ್ಕ ಮುಟ್ಟಿತಪ್ಪಾ. ನೀ ಬರ್ಲಿಲ್ಲ." ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ನನ್ನ ಪರ ವಾದಿಸೋಕೆ ಕಾಂಟ್ ಇದ್ದಾನೆ. ಮನಸ್ಸಿನ ಒಲವನ್ನು ಆಜ್ಞೆ ಮಾಡಿ ಹುಟ್ಟಿಸೋಕಾಗಲ್ಲ, ಒಳ್ಳೆಯದನ್ನು ಮಾಡು ಅಂತ ಮಾತ್ರ ಆಜ್ಞಾಪಿಸಬಹುದು ಅಂತ 1785ರಲ್ಲೇ ಬರೆದ. ಆ ಲೆಕ್ಕದಲ್ಲಿ ನನ್ನ ಐದು ಸಾವಿರ ಪಾಸು. ಆದರೆ ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಬಳಸಿದ ಗ್ರೀಕ್ ಪದ ಕರ್ತವ್ಯದ್ದಲ್ಲ. ಫಿಲೊಸ್ಟೋರ್ಗೊಸ್ ಅಂದರೆ ತಾಯಿ ಮಕ್ಕಳ, ಒಡಹುಟ್ಟಿದವರ ನಡುವಿನ ಮಮತೆ. ಆ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಅಲ್ಲದವರೂ ಇದ್ದರು. ರಕ್ತಸಂಬಂಧ ಇಲ್ಲದವರಿಗೆ ಮನೆಯೊಳಗಿನ ಪದ! ಇದು ಅತಿಯಾಯ್ತು ಅನಿಸುತ್ತಿತ್ತು ನನಗೆ.

ಅದೇ ಪೌಲ ಕೊರಿಂಥದವರನ್ನು ಬೈಯುವಾಗ ನೆಲಕ್ಕಿಳಿದು ಮಾತಾಡುತ್ತಾನೆ. ಅಲ್ಲಿ ಕೂಡಿ ಉಣ್ಣಬೇಕಾದ ಊಟವನ್ನು ಕೆಲವರು ಮೊದಲೇ ಮುಗಿಸಿಬಿಡುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಅವನು ಕೇಳಿದ್ದು ದೊಡ್ಡದೇನಲ್ಲ, ಉಳಿದವರು ಬರೋವರೆಗೆ ಕಾಯೋದು. ಇದನ್ನು ಆಜ್ಞಾಪಿಸಬಹುದು, ಕಾಂಟ್‌ಗೂ ತಕರಾರಿಲ್ಲ.

ನಮ್ಮ ಕ್ರಿಸ್‌ಮಸ್ ಪ್ರೀತಿ ಭೋಜನವೂ ಕೊರಿಂಥದ ಹಾಗೇ ಇತ್ತು. ಊರವರು ಒಂದಕ್ಕೇ ಪಂಕ್ತಿ ಕೂತುಬಿಡೋರು. ಶಹಾಬಾದ್ ಕಡೆ ಫರಸಿ ಖಣಿಯಲ್ಲಿ ದುಡಿಯೋರು, ತೊಗರಿ ಹೊಲದಿಂದ ಬರೋರು ಟಂಟಂ ಹಿಡಿದು ಮುಟ್ಟೋ ಹೊತ್ತಿಗೆ ತುಂಡೆಲ್ಲ ಖಾಲಿ, ಬರೀ ರಸ. ತಡವಾಗಿ ಬರೋರು ಯಾವ ಓಣಿಯವರು ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ಚರ್ಚಿಗೆ ಬಂದ ಮೇಲೂ ಓಣಿ ಜೊತೆಗೇ ಬರುತ್ತೆ.

ಹೋದ ವರ್ಷ ಅದೇ ಕಾಕಾ ಬಗೋಣಿ ಮುಚ್ಚಳ ತೆಗೆಯೋಕೆ ಬಿಡಲಿಲ್ಲ. ಮಕ್ಕಳಿಗೆ ಮಾತ್ರ ಉಣಿಸಿದರು. ಹಿರಿಯರೊಬ್ಬರು ಸಿಟ್ಟಾಗಿ ಉಣ್ಣದೇ ಮನೆಗೆ ಹೋದರು. ಎರಡೂವರೆ ಆದರೂ ಟಂಟಂ ಇಲ್ಲ. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು, ಮಮತೆಯಂತೂ ಹುಟ್ಟಲಿಲ್ಲ. ಮೊಬೈಲ್ ಚಾರ್ಜ್ ಮುಗಿದು, ಬೇರೆ ಕೆಲಸ ಇಲ್ಲದೆ ಕಾಕಾನ ಪಕ್ಕ ಕಟ್ಟೆ ಮೇಲೆ ಕೂತೆ. ಆಸ್ಪತ್ರೆಯ ಹನ್ನೊಂದು ದಿನ ಹೇಗೆ ಕಳೆದವು ಅಂತ ಆಗ ಕೇಳಿದೆ, ಮೊದಲ ಸಲ. ರಾತ್ರಿ ಕೈ ಹಿಡಿದು ಪಾಯಿಖಾನೆಗೆ ಕರಕೊಂಡು ಹೋಗುತ್ತಿದ್ದವನು ಪಕ್ಕದ ಮಂಚದ ರೋಗಿಯ ಮಗನಂತೆ, ಚಿಂಚೋಳಿ ಕಡೆಯ ಮುಸಲ್ಮಾನರ ಹುಡುಗ. ಅವನ ಹೆಸರು ಹಿಡಿದೇ ಹೇಳಿದರು, ಅವನ ಅವ್ವನ ಹೆಸರೂ ಹೇಳಿದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಟಂಟಂ ಬಂತು. "ಏಳಪ್ಪಾ, ಎಲಿ ಹಾಕು" ಅಂದರು.