ಎಣಿಕೆಯ ಕೂಲಿ, ಸತ್ಯದ ಕಾಯಕ



ಜತ್ತ, ಅಕ್ಕಲಕೋಟೆ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ಎತ್ತಿ ಹಿಡಿಯುವುದು ಕೊಟ್ಟಿಗೆಯ ಒಂದು ಆಕಳು, ಒಂದು ಪಂಢರಪುರಿ ಎಮ್ಮೆ. ಅದು ಬೆದೆಗೆ ಬಂದಾಗ ಮೋಟಾರ್ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಬರುವ ಕೃತಕ ಗರ್ಭಧಾರಣೆಯ ತರುಣನನ್ನು ನೀವೆಲ್ಲ ಬಲ್ಲಿರಿ. ಇಂಥವರಲ್ಲಿ ಅನೇಕರಿಗೆ ತಿಂಗಳ ಸಂಬಳವಿಲ್ಲ. ಮಾಡಿದ ಸೇವೆಗೆ ಇಷ್ಟು ಎಂಬ ಲೆಕ್ಕ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಕಾರ್ಯಕ್ರಮದಲ್ಲಿಯೂ ಗರ್ಭಧಾರಣೆಗೆ ಒಂದು ಮೊತ್ತ, ಕರು ಹುಟ್ಟಿದರೆ ಇನ್ನೊಂದು ಮೊತ್ತ ಎಂದು ಪ್ರೋತ್ಸಾಹಧನ ಇಟ್ಟರು.

ಹೀಗೆ ಎಣಿಸಿ ಕೊಡುವ ಕೂಲಿ ತಪ್ಪೇ? ತಪ್ಪಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದು, ಮಾರಿ, ಬಂದ ಹಣದಿಂದಲೇ ದಾಸೋಹ ನಡೆಸಿದರು. ಆದರೆ ಎಣಿಕೆಯು ಕಾಯಕವನ್ನು ನುಂಗಬಾರದು.

ವೀರ್ಯದ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಬೇಕು. ಹೊರತೆಗೆದ ಮೇಲೆ 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಬಳಸಬೇಕು. ಡಬ್ಬಿಯಲ್ಲಿ ಸಾರಜನಕ ತೀರಿದ್ದರೂ, ಬೆದೆ ದಾಟಿಹೋಗಿದ್ದರೂ, ‘ಲೆಕ್ಕಕ್ಕೆ ಒಂದಾಯಿತು’ ಎಂದು ಕಡ್ಡಿ ಹಾಕಿ ಹೋದರೆ ಕೇಳುವವರಾರು? ಮೂಕ ಪಶು ಸಾಕ್ಷಿ ನುಡಿಯಲಾರದು. ರೈತನಿಗೆ ಮಾತ್ರ ಮುಂದಿನ ಬೆದೆಗೆ ಸುಮಾರು 21 ದಿನ ಕಾಯುವ ಪಾಡು. ಅಷ್ಟು ದಿನದ ಮೇವು ದಂಡ. ಕಿವಿಬಿಲ್ಲೆಯ 12 ಅಂಕಿಯ ಸಂಖ್ಯೆ ಗಣಕಯಂತ್ರ ಸೇರಿದರೂ, ಬರೆದ ಕೈ ಸತ್ಯವಾಗಿದ್ದರೆ ಮಾತ್ರ ಲೆಕ್ಕ ಸತ್ಯ. ಕರಸ್ಥಲದ ಲಿಂಗಕ್ಕೆ ಮುಚ್ಚಿಡಲು ಯಾವ ವಹಿಯೂ ಇಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ಆ ಅಕ್ಕಿ ಕದ್ದದ್ದಲ್ಲ. ಆದರೂ ಕಾಯಕದ ಅಳತೆ ಮೀರಿತ್ತು. ಹಾಗಿರುವಾಗ ಮಾಡದ ಸೇವೆಯನ್ನು ಮಾಡಿದೆನೆಂದು ಬರೆದು ಪಡೆದ ಹಣ ದಾಸೋಹಕ್ಕೆ ಸಲ್ಲುವುದೇ?

ಇದು ಆ ತರುಣನೊಬ್ಬನಿಗೇ ಹೇಳಿದ ಮಾತಲ್ಲ. ಮುಂಜಾನೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಮುಂಜಾನೆಗೆ ಗರ್ಭಧಾರಣೆ ಮಾಡಿಸಬೇಕು. ಎರಡು ದಿನ ತಡೆದು ಕರೆದು, ಗಬ್ಬ ನಿಲ್ಲದಿದ್ದರೆ ಅವನನ್ನು ಬೈಯುವುದು ನ್ಯಾಯವಲ್ಲ. ಕರು ಹುಟ್ಟಿದ ಸುದ್ದಿ ತಿಳಿಸದೆ ಅವನ ಪಾಲು ಕಳೆಯುವುದೂ ಪರಧನವೇ.

ಅಂಗಡಿಯಲ್ಲಿ ಆಳುಗಳಿಗೆ ಎಣಿಸಿ ಕೂಲಿ ಕೊಡುವ ವ್ಯಾಪಾರಿ ಬಂಧುಗಳೂ ಕೇಳಿರಿ. ಯಾವುದನ್ನು ಎಣಿಸಿ ಹಣ ಕೊಡುತ್ತೀರೋ ಅದೇ ಬೆಳೆಯುತ್ತದೆ. ಬರೀ ಓಡಾಟ ಎಣಿಸಿದರೆ ಓಡಾಟ ಬೆಳೆದೀತು. ಬರೀ ಫಲ ಎಣಿಸಿದರೂ ಅನ್ಯಾಯ. ಮೇವು, ಹವಾಮಾನ, ದನದ ಆರೋಗ್ಯ ದುಡಿಯುವವನ ಕೈಯಲ್ಲಿಲ್ಲ. ಶ್ರಮಕ್ಕೆ ಒಂದು ಪಾಲು, ಫಲಕ್ಕೆ ಒಂದು ಪಾಲು ಇರಲಿ.

ಗರ್ಭಧಾರಣೆಯಾಗಿ ಮೂರು ತಿಂಗಳಿಗೆ ಅವನನ್ನು ಮತ್ತೆ ಕರೆಯಿರಿ, ಗಬ್ಬ ನೋಡಿಸಿರಿ. ಖಾಲಿ ಇದ್ದರೆ ಖಾಲಿ ಎಂದೇ ಬರೆಯಲಿ. ಹಾಗೆ ಬರೆದವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಮುಂದಿನ ಬೆದೆಗೂ ಅವನನ್ನೇ ಕರೆಯಿರಿ. ನಿಜ ಹೇಳಿದವನ ಹೊಟ್ಟೆ ತುಂಬುವ ಊರಿನಲ್ಲಿಯೇ ಕಾಯಕ ಉಳಿಯುತ್ತದೆ.