ಕೆಲಸಗಾರನ ಸಲಹೆಗೆ ಬೆಲೆ ಕೊಡಿರಿ

ನಮ್ಮ ಅಂಗಡಿ, ಹೋಟೆಲು, ಮರದ ಮಿಲ್ಲುಗಳಲ್ಲಿ ದುಡಿಯುವವರ ಕೈಗೆ ನಾವು ಸಂಬಳ ಕೊಡುತ್ತೇವೆ. ಅವರ ತಲೆಗೆ? “ನಿನ್ನ ಕೆಲಸ ನೀನು ನೋಡು, ವ್ಯಾಪಾರ ನನಗೆ ಗೊತ್ತು” ಎಂಬ ಮಾತು ಐದು ಹೊತ್ತಿನ ನಮಾಝ್ ತಪ್ಪಿಸದ ಯಜಮಾನರ ಬಾಯಲ್ಲೂ ಬರುತ್ತದೆ.

ಸತ್ಯವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ನಮಾಝ್ ಮತ್ತು ದಾನಗಳ ನಡುವೆ ಈ ಗುಣಕ್ಕೆ ಸ್ಥಾನ ಕೊಟ್ಟಿದೆ. ಆ ಅಧ್ಯಾಯದ ಹೆಸರೇ ಅಶ್ಶೂರಾ. ನಾವಾದರೋ ಸಮಾಲೋಚನೆಯನ್ನು ಮಸೀದಿಯ ಕಮಿಟಿಗೆ ಬಿಟ್ಟುಕೊಟ್ಟು ಅಂಗಡಿಯ ಬಾಗಿಲಲ್ಲಿ ಮರೆತುಬಿಟ್ಟಿದ್ದೇವೆ.

ಕ್ರಿ.ಶ. 624ರ ಬದ್ರ್‌ನಲ್ಲಿ ಪ್ರವಾದಿವರ್ಯರು(ಸ) ಪಾಳೆಯ ಹೂಡಿದ ಜಾಗವನ್ನು ಕಂಡು ಹುಬಾಬ್ ಬಿನ್ ಮುಂದಿರ್(ರ) ಮುಂದೆ ಬಂದರು. ಇದು ಅಲ್ಲಾಹನ ಆಜ್ಞೆಯೋ, ತಮ್ಮ ಸ್ವಂತ ಅಭಿಪ್ರಾಯವೋ ಎಂದು ಕೇಳಿದರು. ಸ್ವಂತ ಅಭಿಪ್ರಾಯವೆಂದು ತಿಳಿದಾಗ, ಶತ್ರುವಿಗೆ ಹತ್ತಿರವಿರುವ ಬಾವಿಯ ಬಳಿಗೆ ಹೋಗುವುದೇ ಮೇಲೆಂದರು. ಪಾಳೆಯ ಅಲ್ಲಿಗೆ ಸರಿಯಿತು. ಇಡೀ ಸೈನ್ಯದೆದುರು ಒಬ್ಬ ಸೈನಿಕನ ಮಾತು ನಡೆಯಿತು. ಅದರಿಂದ ಪ್ರವಾದಿ(ಸ)ಯವರ ಗೌರವಕ್ಕೇನೂ ಕುಂದಾಗಲಿಲ್ಲ.

627ರಲ್ಲಿ ಶತ್ರುಗಳ ಮಹಾಕೂಟ ಮದೀನಾದತ್ತ ಹೊರಟಾಗ ಕಂದಕ ತೋಡುವ ಉಪಾಯ ಹೇಳಿದವರು ಸಲ್ಮಾನ್ ಫಾರಿಸಿ(ರ). ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಗೊಂಡಿದ್ದ ಪರದೇಶಿ. ಅರಬರ ಯುದ್ಧಗಳಲ್ಲಿ ಅಂತಹ ರೂಢಿಯೇ ಇರಲಿಲ್ಲ. ಆದರೂ ಪ್ರವಾದಿವರ್ಯರು(ಸ) ಒಪ್ಪಿದ್ದಲ್ಲದೆ ಸ್ವತಃ ಮಣ್ಣು ಹೊತ್ತರು. ಮುಹಾಜಿರರೂ ಅನ್ಸಾರರೂ ಸಲ್ಮಾನ್ ನಮ್ಮವರೆಂದು ವಾದಿಸಿದಾಗ, ಅವರು ನಮ್ಮ ಮನೆಯವರೆಂದು ಪ್ರವಾದಿ(ಸ) ಹೇಳಿದರೆಂದು ಚರಿತ್ರೆ ದಾಖಲಿಸಿದೆ. ಆ ಉಪಾಯ ಇಂದಿಗೂ ಸಲ್ಮಾನರ ಹೆಸರಿನಲ್ಲೇ ಇದೆ. ಬೇರೆ ಯಾರೂ ಅದನ್ನು ತಮ್ಮದೆನ್ನಲಿಲ್ಲ.

ನಮ್ಮಲ್ಲಿ ನಡೆಯುವುದೇನು? ಬೇಕರಿಯ ಮಾಲನ್ನು ಅಂಗಡಿಗಳಿಗೆ ಹಾಕುವ ಹುಡುಗನಿಗೆ ಯಾವ ದಾರಿಯಲ್ಲಿ ಎಷ್ಟು ಬ್ರೆಡ್ಡು ವಾಪಸು ಬರುತ್ತದೆಂದು ಗೊತ್ತು. “ಕಾಕಾ, ಬುಧವಾರ ಆ ಕಡೆಗೆ ಅರ್ಧ ಮಾಲು ಸಾಕು” ಎನ್ನುತ್ತಾನೆ. ಯಜಮಾನರು ಹಾಗೆ ಮಾಡುತ್ತಾರೆ, ನಷ್ಟ ನಿಲ್ಲುತ್ತದೆ. ಸಂಜೆ ಗೆಳೆಯರ ಮುಂದೆ ಅದು ಯಜಮಾನರದೇ ಲೆಕ್ಕಾಚಾರವಾಗಿಬಿಡುತ್ತದೆ! ತಾವು ಮಾಡದ ಕೆಲಸಕ್ಕೆ ಹೊಗಳಿಕೆ ಬಯಸುವವರನ್ನು ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆಯೆಂಬುದನ್ನು ಆಲು ಇಮ್ರಾನ್ ಅಧ್ಯಾಯದಲ್ಲಿ ಓದಿರಿ. ಆ ಹುಡುಗ ಮುಂದಿನ ಸಲ ಹಿಟ್ಟು ಹಾಳಾಗುವುದನ್ನು ಕಂಡರೂ ಬಾಯಿ ಬಿಡುವುದಿಲ್ಲ.

ಜಪಾನಿನ ಟೊಯೋಟಾ ಕಂಪೆನಿ 1951ರಲ್ಲೇ ಕಾರ್ಮಿಕರಿಂದ ಸಲಹೆ ಪಡೆದು ಬಹುಮಾನ ಕೊಡುವ ಏರ್ಪಾಡು ಮಾಡಿತು. ಅದರ ಹಿಂದಿದ್ದುದು ವ್ಯಾಪಾರದ ಬುದ್ಧಿ. ನಮಗೆ ಅದಕ್ಕಿಂತ ಹಳೆಯ ಆಧಾರವಿದೆ. ಯೂಸುಫ್(ಅ)ರ ವೃತ್ತಾಂತದಲ್ಲಿ, ರಾಜನ ಪಾತ್ರೆಯನ್ನು ತಂದುಕೊಟ್ಟವನಿಗೆ ಒಂದು ಒಂಟೆಯ ಹೊರೆ ಧಾನ್ಯವೆಂದು ಮುಂಚಿತವಾಗಿ ಸಾರಲಾಗಿತ್ತು. ಬಹುಮಾನ ಸಾರುವ ಕರಾರಿಗೆ ಕರ್ಮಶಾಸ್ತ್ರ ಪಂಡಿತರು ಇದನ್ನೇ ಆಧಾರವಾಗಿ ತೋರಿಸುತ್ತಾರೆ. ಅದಕ್ಕೆ ಜುಆಲಾ ಎಂದು ಹೆಸರು. ಮೊತ್ತ ಮೊದಲೇ ಗೊತ್ತಿರಬೇಕೆಂಬುದು ಅದರ ಮುಖ್ಯಾಂಶ. “ಮುಂದೆ ನೋಡೋಣ” ಎಂಬ ನಮ್ಮ ಪ್ರಸಿದ್ಧ ಮಾತು ಅದರಲ್ಲಿ ಬರುವುದಿಲ್ಲ.

ಆದುದರಿಂದ ಸಹೋದರರೇ, ಸಲಹೆಯಿಂದ ಉಳಿತಾಯವಾದರೆ ಇಷ್ಟು ಕೊಡುವೆನೆಂದು ಈ ತಿಂಗಳ ಸಂಬಳದ ದಿನವೇ ಹೇಳಿಬಿಡಿ. ಕೊಡುವಾಗ ಇತರ ಕೆಲಸಗಾರರ ಎದುರಿಗೇ, ಅವನ ಹೆಸರು ಹೇಳಿ ಕೊಡಿ. ಇದನ್ನು ಸಂಬಳಕ್ಕೆ ಹಾಕಿಕೊಳ್ಳಬೇಡಿ, ಝಕಾತಿನ ಲೆಕ್ಕಕ್ಕೂ ಸೇರಿಸಬೇಡಿ. ಇದು ಅವನ ಹಕ್ಕು. ಸಲಹೆ ಹಿಡಿಸದಿದ್ದರೆ ಕಾರಣ ತಿಳಿಸಿ. ಒಪ್ಪಿ ಮಾಡಿದ ಮೇಲೆ ನಷ್ಟವಾದರೆ ಅದನ್ನು ಅವನ ಸಂಬಳದಲ್ಲಿ ಮುರಿಯಬೇಡಿ. ಒಪ್ಪಿದವರು ನೀವು.