ಬಿರುಕು ಬರೀ ದಾರಿ

ಬೋರ್ ಕೊರೆಯುವ ಲಾರಿ ಬಂತೆಂದರೆ ಹೊಸಕೋಟೆ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಗ್ಯಾಪ್ ಸಿಕ್ತಾ?’ ಬಿಳಿ ಕಲ್ಲುಪುಡಿ ಮೇಲೇಳುತ್ತಲೇ ಇರುತ್ತದೆ. ಜಮೀನಿನವರು ಅದನ್ನು ಹಿಡಿಯಷ್ಟು ತೆಗೆದುಕೊಂಡು, ತೇವ ಇದೆಯೇ ಎಂದು ಹಿಸುಕಿ ನೋಡುತ್ತಾರೆ. ಸಾವಿರ ಅಡಿ ದಾಟಿದ ಮೇಲೆ ಬಿಟ್ ಅಂಥ ಒಂದು ಗ್ಯಾಪಿಗೆ, ಅಂದರೆ ಬಂಡೆಯ ಬಿರುಕಿಗೆ, ತಾಗಿ ನೀರು ಚಿಮ್ಮಿದರೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಸಾಲ ಮಾಡಿ ಕೊರೆಸಿದವರ ಆ ನೆಮ್ಮದಿ ದೊಡ್ಡದು. ಆದರೆ ಅಲ್ಲಿ ಸಿಕ್ಕಿದ್ದು ನೀರು ಹಾದುಹೋಗುವ ದಾರಿ, ನೀರಿನ ಕಣಜವಲ್ಲ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಮಂದ ತೈಲ ತೆಗೆಯುವವರಿಗೆ ಚೆನ್ನಾಗಿ ಗೊತ್ತು. ಕೆನಡಾದ ಆಲ್ಬರ್ಟಾದಲ್ಲಿ ಗ್ರಾಸ್‌ಮಾಂಟ್ ಎಂಬ ಬಿರುಕುಬಿಟ್ಟ ಶಿಲಾಪದರವಿದೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಡಾಂಬರಿನಷ್ಟು ಮಂದವಾದ ತೈಲ ಕಚ್ಚಿಕೊಂಡು ಕೂತಿದೆ. ಬಿಸಿ ಹಬೆಯನ್ನೋ, ಪ್ರೊಪೇನ್, ಬ್ಯೂಟೇನ್‌ನಂಥ ದ್ರಾವಕವನ್ನೋ ಒಳಗೆ ಬಿಟ್ಟು ಅದನ್ನು ತೆಳುವಾಗಿಸಬೇಕು. ಅವಸರಪಟ್ಟರೆ ದುಬಾರಿ ದ್ರಾವಕ ಬಿರುಕಿನ ಗುಂಟ ಓಡಿ ಇನ್ನೊಂದು ಬಾವಿಯಲ್ಲಿ ಹೊರಬರುತ್ತದೆ, ಕಲ್ಲಿನೊಳಗಿನ ತೈಲ ಇದ್ದಲ್ಲೇ ಉಳಿಯುತ್ತದೆ. ಹಾಗಾಗಿ ಕಾಯಬೇಕು. ದ್ರಾವಕ ಕಲ್ಲಿನೊಳಕ್ಕೆ ನಿಧಾನವಾಗಿ ಇಳಿದು, ತೆಳುವಾದ ತೈಲ ತನ್ನ ಭಾರಕ್ಕೇ ಜಿನುಗಿ ಬಿರುಕಿಗೆ ಬರಬೇಕು. ಒಮಾನಿನ ಕರ್ನ್ ಆಲಂ ತೈಲಕ್ಷೇತ್ರದಲ್ಲೂ ಹಬೆ ಬಿಟ್ಟು ಹೀಗೆಯೇ ತೈಲ ಇಳಿಸುತ್ತಾರೆ.

ನಮ್ಮ ಜಿಲ್ಲೆಯಡಿ ತೈಲವಿಲ್ಲ. ನಮ್ಮ ಕೆಳಗಿರುವುದು ಸುಮಾರು 250 ಕೋಟಿ ವರ್ಷದ ಅಥವಾ ಅದಕ್ಕೂ ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಗಟ್ಟಿಬಂಡೆ ಗ್ರಾಸ್‌ಮಾಂಟಿನ ಕಲ್ಲಿನಂತಲ್ಲ, ತನ್ನೊಳಗೆ ಏನನ್ನೂ ಇಟ್ಟುಕೊಳ್ಳದು. ನಮ್ಮ ನೀರು ನಿಲ್ಲುತ್ತಿದ್ದುದು ಬಂಡೆಯ ಮೇಲಿನ ಶಿಥಿಲ ಪದರದಲ್ಲಿ, ಗರಸು ಮಣ್ಣಿನಲ್ಲಿ. ಕೆರೆ ತುಂಬಿದಾಗ ಅದು ತುಂಬುತ್ತಿತ್ತು, ಅದರಿಂದಲೇ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳು ನಡೆಯುತ್ತಿದ್ದವು. ಇಂದು ನಾವು ಕೇಸಿಂಗ್ ಪೈಪ್ ಇಳಿಸುವುದು ಸರಿಯಾಗಿ ಆ ಪದರಕ್ಕೇ. ಮಣ್ಣು ಕುಸಿಯದಿರಲು ಅದು ಬೇಕು, ನಿಜ. ಆದರೆ ಕಣಜ ಬರಿದಾಯಿತು ಎಂಬುದು ಕಣ್ಣಿಗೆ ಬೀಳದಂತೆಯೂ ಅದು ಮುಚ್ಚಿಬಿಡುತ್ತದೆ. ಮೇಲಿಂದ ಇಳಿಯುವ ನೀರಿಲ್ಲದ ಬಿರುಕು ಎರಡು ಬೇಸಿಗೆ ಕೊಟ್ಟು ಬತ್ತುತ್ತದೆ. ಪಕ್ಕದ ಹೊಲದವರು ಇನ್ನೂ ಇನ್ನೂರು ಅಡಿ ಆಳಕ್ಕೆ ಹೋಗುತ್ತಾರೆ.

ಕಣಜ ಮತ್ತೆ ತುಂಬುತ್ತದೆ ಎಂಬುದಕ್ಕೆ ದೇವನಹಳ್ಳಿಯಲ್ಲೇ ಸಾಕ್ಷಿಯಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಒಳಚರಂಡಿ ನೀರು ಬಾಗಲೂರು ಕೆರೆಯಿಂದ ಊರಿನ ಸಿಹಿನೀರು ಕೆರೆಗೆ ಬಂತು. ಮಣ್ಣಿನ ಮೂಲಕ ಇಳಿದ ನೀರು ಕೆರೆ ಬದಿಯ ಹಳೆಯ ತೆರೆದ ಬಾವಿಯಲ್ಲಿ ಏರಿತು. ಪುರಸಭೆ ಮತ್ತು ಬಯೋಮ್ ಟ್ರಸ್ಟ್ ಆ ಬಾವಿಯನ್ನು ದುರಸ್ತಿ ಮಾಡಿಸಿ, ನೀರನ್ನು ಮತ್ತೆ ಶುದ್ಧೀಕರಿಸಿ ಊರಿಗೆ ಕೊಟ್ಟವು. ಬೋರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಇಂಥ ಬಾವಿಗಳಿಗೆ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ. ಬಿರುಕಿಗೆ ಒಳ್ಳೆಯ ನೀರು, ಕೆಟ್ಟ ನೀರು ಎಂಬ ಭೇದವಿಲ್ಲ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕೆಳಗಿರುವ ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ತಮ್ಮ ಕೆರೆಗಳಿಗೆ ಒಳಚರಂಡಿ ನೀರು, ಕಾರ್ಖಾನೆ ತ್ಯಾಜ್ಯ ಸೇರುತ್ತಿದೆಯೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕೊಳಕು ಬಿರುಕಿಗೆ ಇಳಿದರೆ ಬೇಗ ದೂರ ಹೋಗುತ್ತದೆ. ಶಿಥಿಲ ಪದರದ ಜೇಡಿಮಣ್ಣನ್ನು ಹೊಕ್ಕಿತೋ, ತೈಲ ಜಿನುಗುವ ಆ ನಿಧಾನದಲ್ಲೇ ವರ್ಷಗಟ್ಟಲೆ ಮರಳಿ ಜಿನುಗುತ್ತದೆ. ಅಲ್ಲಿಂದ ಅದನ್ನು ತೊಳೆದು ತೆಗೆಯುವ ಖರ್ಚನ್ನು ಯಾವ ಪಂಚಾಯಿತಿಯೂ ಹೊರಲಾರದು. ಕಾರ್ಖಾನೆಯ ಪೈಪು, ಊರಿನ ಚರಂಡಿ ಕೆರೆಗೆ ಸೇರುವ ಜಾಗದಲ್ಲೇ ಈ ಕೊಳಕನ್ನು ತಡೆಯಬೇಕು, ಮುಂದಿನ ಮಳೆಗಾಲಕ್ಕೂ ಮುಂಚೆ.